ಟೋಕನ್ ನಂಬರ್ ಮೂರರ ಸರಾಸರಿ

ನಾನು ದುಡಿಯುತ್ತಿದ್ದ ಅಂಗಿ ಕಾರ್ಖಾನೆಯಲ್ಲಿ ಒಬ್ಬ ಹಾಜರಿ ಗುಮಾಸ್ತನಿದ್ದ. ಹೆತ್ತವರು ಇಟ್ಟ ಹೆಸರು ಏನೋ ಇತ್ತು. ನಾವು ಎದುರಿಗೆ ಸರ್ ಎನ್ನುತ್ತಿದ್ದೆವು, ಬೆನ್ನು ತಿರುಗಿಸಿದ ಮೇಲೆ ‘ಸರಾಸರಿ’ ಎನ್ನುತ್ತಿದ್ದೆವು. ಅದು ಅವನಿಗೂ ಗೊತ್ತಿತ್ತು. ಬಿರುದು ಎಂದುಕೊಂಡಿದ್ದ.

ಮೊದಲು ಅವನು ಹಾಗಿರಲಿಲ್ಲ. ಹದಿನೈದು ವರ್ಷ ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು, ಬಂದವರ ಮುಂದೆ ಟಿಕ್ಕು, ಬಾರದವರ ಮುಂದೆ ಅಡ್ಡಗೆರೆ ಹಾಕಿ, ಉಳಿದ ಹೊತ್ತು ತೂಕಡಿಸುತ್ತಿದ್ದ ಪಾಪದ ಪ್ರಾಣಿ. ಆಮೇಲೆ ಮೂರು ತಿಂಗಳು ಕಂಪ್ಯೂಟರ್ ತರಗತಿಗೆ ಹೋಗಿ ಬಂದ. ಸರ್ಟಿಫಿಕೇಟಿಗೆ ಗಾಜು ಹಾಕಿಸಿ ತಲೆಯ ಮೇಲೇ ನೇತುಹಾಕಿಕೊಂಡ. ಅಂದಿನಿಂದ ಅವನ ನಡಿಗೆಯೇ ಬೇರೆಯಾಯಿತು.

ಅವನ ಹೆಂಡತಿ ನಮ್ಮ ಬೀದಿಯವಳೇ. ಒಂದು ದಿನ ನಲ್ಲಿಯ ಹತ್ತಿರ ಸಿಕ್ಕಿ ಗೋಳು ತೋಡಿಕೊಂಡಳು.

“ನಾನು ಬಚ್ಚಲಲ್ಲಿ ಎಷ್ಟು ಹೊತ್ತು ಇರ್ತೀನಿ ಅಂತ ಒಂದು ತಿಂಗಳು ಬರೆದಿಟ್ಟಿದಾರೆ ಕಣಕ್ಕಾ! ಸರಾಸರಿ ಹದಿನಾಲ್ಕು ನಿಮಿಷವಂತೆ. ಒದ್ದೆ ಟವಲ್ ತಗೊಂಡು ಹೋಗಿ ಆ ಕಂಪ್ಯೂಟರ್ ಮೇಲೇ ಹರವಿ ಬಂದೆ. ಅದರ ಸರಾಸರಿನೂ ತೆಗೀಲಿ.”

ಕಾರ್ಖಾನೆಯಲ್ಲಿ ಟವಲ್ ಹರವುವವರು ಯಾರೂ ಇರಲಿಲ್ಲ. ಪ್ರತಿಯೊಬ್ಬರೂ ದಿನಕ್ಕೆ ಎಷ್ಟು ಅಂಗಿ ಮುಗಿಸಿದರು ಎಂದು ಅವನು ಕಂಪ್ಯೂಟರಿನ ಹಾಳೆಯಲ್ಲಿ ತುಂಬುತ್ತಿದ್ದ. ಮೊದಲು ಕೆಲಸಕ್ಕೆ ಸೇರಿದ ಕ್ರಮದಲ್ಲಿ ಕೊಟ್ಟ ಟೋಕನ್ ನಂಬರು, ಅದರ ಪಕ್ಕ ಸೋಮವಾರದಿಂದ ಶನಿವಾರದವರೆಗೆ ಆರು ಕಾಲಮ್ಮು, ಆಮೇಲೆ ಸರಾಸರಿ, ನಡುವಿನ ಸಂಖ್ಯೆ, ಏರಿಳಿತ ಎಂದು ಸಾಲುಗಟ್ಟಿ ಇನ್ನೂ ಇಪ್ಪತ್ತು. ಒಂದು ಚೌಕದ ಮನೆಯಲ್ಲಿ ಸೂತ್ರ ಬರೆದು, ಅದರ ಮೂಲೆ ಹಿಡಿದು ಕೊನೆಯ ಸಾಲಿನವರೆಗೆ ಸರ್‍ರನೆ ಎಳೆದುಬಿಡುತ್ತಿದ್ದ. ತೊಂಬತ್ತು ಜನರ ಯೋಗ್ಯತೆ ಅರೆಗಳಿಗೆಯಲ್ಲಿ ಗೊತ್ತಾಗಿಬಿಡುತ್ತಿತ್ತು. ವಾರವಾರ ಆ ಹಾಳೆ ಮಾಲೀಕರ ಮೇಜಿಗೂ ಹೋಗುತ್ತಿತ್ತು, ಕೈ ತೊಳೆಯುವ ಜಾಗದ ಗೋಡೆಗೂ ಅಂಟುತ್ತಿತ್ತು.

ಹನ್ನೊಂದು ವಾರ ಹೀಗೇ ನಡೆಯಿತು. ಹನ್ನೆರಡನೆಯ ವಾರ ಮಾಲೀಕರು, ಹಾಳೆಯ ಕೊನೆಯಲ್ಲಿರುವ ಐದು ಜನರನ್ನು ತಿಂಗಳ ಕೊನೆಗೆ ಕಳಿಸಿಬಿಡಿ ಎಂದು ಹೇಳಿಹೋದರು. ಎಲ್ಲರಿಗಿಂತ ಕೆಳಗಿದ್ದವಳು ಗುಂಡಿಯಕ್ಕ.

ಗುಂಡಿಯಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಗುಂಡಿ ಹೊಲಿಯುವ ಮೆಷಿನ್ನು ಅವಳದು, ಟೋಕನ್ ನಂಬರ್ ಮೂರು. ಕಾರ್ಖಾನೆಯ ಬಾಗಿಲು ತೆರೆದ ದಿನವೇ ಸೇರಿದವಳು. ಭಾವನವರ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತಿದ್ದುದು ಅವಳ ಕಾರ್ಖಾನೆಯ ಆಸ್ಪತ್ರೆ ಕಾರ್ಡಿನ ಮೇಲೆ. ಕೆಲಸ ಹೋದರೆ ಕಾರ್ಡು ಹೋಗುತ್ತದೆ. ಕಾರ್ಡು ಹೋದ ಮೇಲೆ ಭಾವನವರು ಎಷ್ಟು ದಿನ ಎಂದು ಲೆಕ್ಕ ಹಾಕಲು ಯಾವ ಸೂತ್ರವೂ ಬೇಕಿರಲಿಲ್ಲ.

ನಾವಿಬ್ಬರೂ ಗೋಡೆಯ ಹಾಳೆಯ ಮುಂದೆ ನಿಂತೆವು. ಸೋಮವಾರ ಇನ್ನೂರು, ಮಂಗಳವಾರ ಇನ್ನೂರು, ಶನಿವಾರದವರೆಗೂ ಇನ್ನೂರೇ. ಅವಳ ಕೈ ಹಾಗೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸರಾಸರಿ ಮಾತ್ರ ನೂರ ಎಪ್ಪತ್ತೊಂದು ಚಿಲ್ಲರೆ. ಎಲ್ಲರಿಗಿಂತ ಮೇಲೆ ಟೋಕನ್ ಎಂಟುನೂರ ಹನ್ನೆರಡು, ಮೊನ್ನೆ ಮೊನ್ನೆ ಬಂದ ಹುಡುಗಿ. ದಿನಕ್ಕೆ ನೂರ ನಲವತ್ತು ಮುಗಿಸಿದರೆ ಅವಳಿಗೆ ಹೆಬ್ಬೆರಳು ನೋಯುತ್ತದೆ. ಅವಳ ಸರಾಸರಿ ಇನ್ನೂರ ಮೂವತ್ತಾರು! ಮಾಲೀಕರ ಕೈಯಿಂದ ಗೋಡೆ ಗಡಿಯಾರ ಬಹುಮಾನ ಬೇರೆ ತಗೊಂಡಿದ್ದಳು.

“ಆರು ದಿನಾನೂ ಇನ್ನೂರು ಹಾಕಿದವಳಿಗೆ ನೂರ ಎಪ್ಪತ್ತೊಂದು ಎಲ್ಲಿಂದ ಬಂತೇ?” ಎಂದಳು ಗುಂಡಿಯಕ್ಕ.

ಇಬ್ಬರೂ ನೇರ ಅವನ ಕೋಣೆಗೆ ಹೋದೆವು.

“ಅಕ್ಕಾ, ಇದು ಅಂಕಿಅಂಶ ಶಾಸ್ತ್ರ. ನಿಮಗೆ ಅರ್ಥ ಆಗಲ್ಲ,” ಎಂದ, ತಲೆ ಎತ್ತದೆ.

“ಅರ್ಥ ಮಾಡ್ಸಪ್ಪಾ. ಶಾಸ್ತ್ರ ಕೇಳ್ಕೊಂಡೇ ಮನೆಗೆ ಹೋಗ್ತೀನಿ.”

ಅವನು ದೊಡ್ಡ ಉಪಕಾರ ಮಾಡುವವನಂತೆ ಅವಳ ಸರಾಸರಿಯ ಮನೆ ಒತ್ತಿದ. ಯಾವ ಯಾವ ಅಂಕಿ ಸೇರಿದೆ ಎಂದು ತೋರಿಸುವ ನೀಲಿ ಚೌಕ ಪರದೆಯ ಮೇಲೆ ಬಿತ್ತು. ನಾನು ನಾಲ್ಕನೇ ಕ್ಲಾಸಿನಲ್ಲೇ ಶಾಲೆ ಬಿಟ್ಟವಳು, ಆದರೆ ಎಣಿಸಲು ಬರುತ್ತದೆ. ಚೌಕದೊಳಗೆ ಆರಲ್ಲ, ಏಳು ಮನೆ ಇದ್ದವು.

“ಸರ್, ಆ ಪೆಟ್ಟಿಗೆ ಒಳಗೆ ಟೋಕನ್ ನಂಬರ್ ಯಾಕೆ ಬಂದು ಕೂತಿದೆ?” ಎಂದೆ.

ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ಕೆಳಗಿನ ಮನೆ ಒತ್ತಿದ. ಅಲ್ಲೂ ಏಳು. ಅದರ ಕೆಳಗೂ ಏಳು. ಟೋಕನ್ ನಂಬರನ್ನು ಏಳನೆಯ ದಿನದ ಕೆಲಸವೆಂದು ಸೇರಿಸಿ, ಏಳರಿಂದ ಭಾಗಿಸಿಬಿಟ್ಟಿತ್ತು ಅವನ ಸೂತ್ರ. ಎಂಟುನೂರ ಹನ್ನೆರಡನೆಯ ಹುಡುಗಿ ಆ ದಿನ ಎಂಟುನೂರ ಹನ್ನೆರಡು ಅಂಗಿ ಹೊಲಿದಿದ್ದಳು. ನಮ್ಮ ಗುಂಡಿಯಕ್ಕ ಮೂರು. ಹಳಬರಾದಷ್ಟೂ ಮೈಗಳ್ಳರು.

“ಹಾಗಾದ್ರೆ ಸರಿಮಾಡು,” ಎಂದಳು ಗುಂಡಿಯಕ್ಕ.

“ಆಗಲ್ಲ ಅಕ್ಕಾ.” ಅವನ ದನಿ ಇಳಿದಿತ್ತು. “ಸೂತ್ರ ಮುಟ್ಟಿದ್ರೆ ಎಲ್ಲಾ ಕಾಲಮ್ಮೂ ಬದಲಾಗುತ್ತೆ. ಹನ್ನೊಂದು ವಾರದ ರಿಪೋರ್ಟು ಮಾಲೀಕರ ಹತ್ರ ಇದೆ. ಗಡಿಯಾರ ಬೇರೆ ಕೊಟ್ಟಿದಾರೆ. ನಾನು ಏನಂತ ಹೇಳ್ಲಿ?”

“ನನ್ನ ಗಂಡ ಸಾಯ್ತಾನೆ ಕಣೋ,” ಎಂದಳು. ಅವಳು ಅಳಲಿಲ್ಲ. ಅವನ ಮೇಜಿನ ಮುಂದಿನ ಕುರ್ಚಿ ಎಳೆದು ಕೂತುಬಿಟ್ಟಳು. “ನಾನು ಇಲ್ಲಿಂದ ಏಳಲ್ಲ. ಇಲ್ಲಾಂದ್ರೆ ಮಾಲೀಕರನ್ನ ಕರಿ, ಆ ನೀಲಿ ಪೆಟ್ಟಿಗೆ ಅವರೂ ನೋಡ್ಲಿ.”

ಅವನು ಮಾಲೀಕರನ್ನು ಕರೆಯಲಿಲ್ಲ. ಸಂಜೆಯವರೆಗೂ ಯೋಚಿಸಿದ. ಬೇರೆ ಯಾರಾದರೂ ಆಗಿದ್ದರೆ ಸೂತ್ರ ತಿದ್ದುತ್ತಿದ್ದರು. ಅವನು ಗುಂಡಿಯಕ್ಕನ ಟೋಕನ್ನನ್ನು ತಿದ್ದಿದ. ಹಳೆಯ ಬಿಲ್ಲೆ ಸವೆದಿದೆ ಎಂದು ಬರೆದುಕೊಂಡು ಅವಳಿಗೆ ಒಂಬೈನೂರ ಮೂರು ಕೊಟ್ಟ. ಕೊನೆಯಲ್ಲಿದ್ದ ಇನ್ನು ನಾಲ್ವರಿಗೂ ಅಂಥದೇ ದಪ್ಪ ನಂಬರು.

ಮುಂದಿನ ವಾರ ಗುಂಡಿಯಕ್ಕನ ಸರಾಸರಿ ಮುನ್ನೂರು ದಾಟಿತ್ತು. ಮಾಲೀಕರೇ ಮೆಷಿನ್ನಿನ ಹತ್ತಿರ ಬಂದರು.

“ಒಂದೇ ವಾರದಲ್ಲಿ ಇಷ್ಟು ಮೇಲೆ ಬಂದಿದ್ದು ಹೇಗಮ್ಮಾ?”

“ಎಲ್ಲಾ ನಮ್ಮ ಸರ್ ಅವರ ಶಾಸ್ತ್ರ,” ಎಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಮಾಲೀಕರ ಕೈಯಲ್ಲಿದ್ದ ಹಾಳೆಯಲ್ಲೇ ಆರು ಕಡೆ ಇನ್ನೂರು ಎಂದಿತ್ತು. ಅವರು ಸರಾಸರಿಯ ಹಿಂದಿನ ಕಾಲಮ್ಮುಗಳನ್ನು ನೋಡುವವರಲ್ಲ.

ಆದರೆ ಮೇಲೆ ಹೋದವರ ಜಾಗಕ್ಕೆ ಬೇರೆ ಐವರು ಬೇಕಲ್ಲ? ಅದಕ್ಕೂ ಅವನ ಬಳಿ ದಾರಿ ಇತ್ತು. ಸಾಲು ಅಳಿಸಿದರೆ ಸೂತ್ರ ಕೆಡುತ್ತದೆಂಬ ಭಯದಿಂದ ಅವನು ಹಳೆಯ ಹಾಜರಿ ಪುಸ್ತಕದಿಂದ ಇಳಿಸಿಕೊಂಡಿದ್ದ, ಕೆಲಸ ಬಿಟ್ಟುಹೋದವರ ಸಾಲುಗಳನ್ನು ಅಳಿಸದೆ ಮರೆಮಾಡಿ ಇಟ್ಟಿದ್ದ. ಅದರಲ್ಲಿ ಐದನ್ನು ಹೊರಗೆಳೆದ. ಐದನೆಯದು ಟೋಕನ್ ಒಂಬತ್ತು, ಇಸ್ತ್ರಿ ವಿಭಾಗ, ನನ್ನ ಯಜಮಾನರು. ತೀರಿಕೊಂಡು ಎರಡು ವರ್ಷವಾಗಿತ್ತು. ಆರು ದಿನವೂ ಸೊನ್ನೆ, ಟೋಕನ್ ಒಂಬತ್ತು. ಸರಾಸರಿ ಒಂದು ಪಾಯಿಂಟ್ ಎರಡು ಒಂಬತ್ತು. ಬದುಕಿದ್ದಾಗ ಭಾನುವಾರ ತಮ್ಮ ಅಂಗಿಗೇ ಇಸ್ತ್ರಿ ಹಾಕಿಕೊಳ್ಳದವರು, ಸತ್ತ ಮೇಲೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಮುಗಿಸುತ್ತಿದ್ದರು.

ತಿಂಗಳ ಕೊನೆಯ ದಿನ ಬೆಳಿಗ್ಗೆ ಅವನೇ ನಮ್ಮ ಮನೆ ಬಾಗಿಲಿಗೆ ಯಜಮಾನರ ಹೆಸರಿನ ಕಾಗದ ತಂದ. ‘ಹಲವು ವಾರಗಳಿಂದ ಕೆಲಸದಲ್ಲಿ ಸುಧಾರಣೆಯ ಲಕ್ಷಣ ಕಾಣದ ಕಾರಣ ತಮ್ಮನ್ನು ಸೇವೆಯಿಂದ ತೆಗೆಯಲಾಗಿದೆ.’

“ಅಕ್ಕಾ, ತಲುಪಿತು ಅಂತ ಒಂದು ಸಹಿ,” ಎಂದ, ನೆಲ ನೋಡುತ್ತ.

“ಮುಂದಕ್ಕಾದ್ರೂ ಅವರು ಸುಧಾರಿಸ್ತಾರೆ ಅಂತ ಒಂದು ಅವಕಾಶ ಕೊಡಬಹುದಿತ್ತಲ್ಲಪ್ಪಾ?”

ಅವನು ಪೆನ್ನು ಮುಂದೆ ಚಾಚಿದ. ಇನ್ನೂ ನಾಲ್ಕು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇದ್ದವು. ಅಷ್ಟರಲ್ಲಿ ಭಾವನವರ ತೋಳು ಹಿಡಿದುಕೊಂಡು ಪಕ್ಕದ ಬಾಗಿಲಿಂದ ಹೊರಬಂದ ಗುಂಡಿಯಕ್ಕ ನನ್ನ ಬೆನ್ನಿಗೆ ಚಿವುಟಿದಳು.

“ಹಾಕೇ ಬೇಗ. ಆಸ್ಪತ್ರೆಗೆ ಹೊತ್ತಾಯ್ತು.”

ಹಾಕಿದೆ.