ಮೂಳೆ ಅಗಿದ ಎತ್ತು

ಕಟಕ್, ಕಟಕ್. ನಡುವೆ ಒಂದು ನಿಟ್ಟುಸಿರು. ಮತ್ತೆ ಕಟಕ್.

ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆ ಅಗಿಯುವಾಗಲೆಲ್ಲ ಈ ಸದ್ದು ಕೇಳುತ್ತದೆ. ನನ್ನ ಬಾಯಿಯದಲ್ಲ, ಹೊಳೆನರಸೀಪುರದ ನಮ್ಮ ಕೊಟ್ಟಿಗೆಯದು. "ಬೋನ್ಸ್ ತುಂಬಾ ವೀಕ್, ಮೇಡಂ" ಎಂದು ಅವರು ಹೇಳಿದಾಗ ನಾನು ನಕ್ಕುಬಿಟ್ಟೆ. ಯಾಕೆಂದು ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ನಾನು ಮೈಸೂರಿನ ಕಾನ್ವೆಂಟಿನಿಂದ ರಜೆಗೆ ಬಂದ ಹತ್ತು ವರ್ಷದವಳು. ಮುದ್ದೆಗೂ ಊಟದ ಮುಂಚಿನ ಗ್ರೇಸ್ ಪ್ರೇಯರು ಹೇಳಿ ನುಂಗುತ್ತಿದ್ದವಳು. ಮುಸ್ಸಂಜೆ ಕೊಟ್ಟಿಗೆಗೆ ಇಣುಕಿದರೆ, ನಮ್ಮ ಮುದಿ ಎತ್ತು ಬಸವ ಯಾವುದೋ ಸತ್ತ ದನದ ಕಾಲುಮೂಳೆಯನ್ನು ಅಗಿಯುತ್ತಿತ್ತು. ಮುಂದೆ ಹಾಕಿದ್ದ ಹುಲ್ಲು ಹಾಗೇ ಇತ್ತು. ಕಾನ್ವೆಂಟಿನಲ್ಲಿ ಕಲಿತ ಪ್ರೇಯರುಗಳಲ್ಲಿ ಎತ್ತಿಗೆ ಹೊಂದುವಂಥದ್ದು ಒಂದೂ ನೆನಪಾಗಲಿಲ್ಲ.

ಅಜ್ಜಿ ಹಣೆ ಬಡಿದುಕೊಂಡಳು. "ಶಿವನ ವಾಹನ ಮೂಳೆ ಕಡೀತದಲ್ಲಪ್ಪಾ! ಈ ಮನೆಯಿಂದ ಯಾರೋ ಓಯ್ತಾರೆ ಕಣವ್ವಾ."

ಚಿಕ್ಕಪ್ಪ ಮಾತ್ರ ಹೆದರಲಿಲ್ಲ. ಕಾಲೇಜು ಅರ್ಧಕ್ಕೆ ಬಿಟ್ಟು, ಒಂದು ಟ್ರಂಕು ಸೋಷಲಿಸ್ಟ್ ಪುಸ್ತಕಗಳೊಂದಿಗೆ ಊರಿಗೆ ಮರಳಿದ್ದರು. "ಅದಕ್ಕೆ ದೆವ್ವ ಹಿಡಿದಿಲ್ಲ ಅವ್ವಾ, ಹಸಿವು. ಮಣ್ಣಲ್ಲಿ ಇರಬೇಕಾದ್ದು ಇಲ್ಲ. ಮೂಳೇಲಿ ಹುಡುಕ್ತಾ ಅದೆ." ಅದೆಲ್ಲಿ ಹೋಯಿತೆಂದು ಕೇಳಿದರೆ ಸ್ಟೇಷನ್ನಿನತ್ತ ಕೈ ತೋರಿಸುತ್ತಿದ್ದರು. ಸುತ್ತಲ ಹಳ್ಳಿಗಳ ದನದ ಮೂಳೆ ಅಲ್ಲಿ ಗುಡ್ಡೆ ಬೀಳುತ್ತಿತ್ತು. ವ್ಯಾಪಾರಿಗಳು ವ್ಯಾಗನ್ನಿಗೆ ತುಂಬಿಸಿ, ಪರದೇಶದ ಹೊಲಗಳಿಗೆ ಗೊಬ್ಬರವಾಗಿ ಕಳಿಸುತ್ತಿದ್ದರು. ಕೂಲಿಯವನ ಬೆವರನ್ನೂ ನೆಲದ ಸಾರವನ್ನೂ ದೋಚುವ ಕೈ ಒಂದೇ ಎಂಬುದು ಚಿಕ್ಕಪ್ಪನ ಸೋಷಲಿಸಂ. ಹಾಸನದಿಂದ ಬರುವ ಅವರ ಗೆಳೆಯರು ನಗುತ್ತಿದ್ದರು: "ಮೊದ್ಲು ಕ್ರಾಂತಿ ಕಣಯ್ಯ, ಗೊಬ್ಬರ ಆಮೇಲೆ."

ಚಿಕ್ಕಪ್ಪ ಕಾಯಲಿಲ್ಲ. ಮೂಳೆ ಆಯುವ ಕಾಳಯ್ಯನನ್ನು ಜೊತೆಮಾಡಿಕೊಂಡು, ಮೂಳೆ ಕುಟ್ಟಿ ನಮ್ಮ ದಿಣ್ಣೆ ಹೊಲಕ್ಕೆ ಸೇರಿಸಿದರು.

"ಬುದ್ಧಿ ಅನ್ನಬೇಡ ಕಾಳಯ್ಯ, ಕಾಮ್ರೇಡ್ ಅನ್ನು."

"ಆಗ್ಲಿ ಬುದ್ಧಿ."

ನೋಡಿಬಿಟ್ಟ ನನ್ನಿಂದ ಯಾರಿಗೂ ಹೇಳುವುದಿಲ್ಲವೆಂದು ಪ್ರಾಮಿಸ್ ಪಡೆದರು. ನಮ್ಮದು ಶಿವಪೂಜೆಯ ಮನೆ. ಗೊತ್ತಾದರೆ ಆ ಹೊಲದ ರಾಗಿಯೂ ಚಿಕ್ಕಪ್ಪನೂ ಹೊಸ್ತಿಲ ಹೊರಗೇ.

ಕ್ರಿಸ್ಮಸ್ ರಜೆಗೆ ಬಂದಾಗ ದಿಣ್ಣೆ ಹೊಲದ ರಾಗಿ ನನ್ನ ಎದೆಯುದ್ದ. ಸುತ್ತಲ ಹೊಲಗಳಲ್ಲಿ ಮೊಣಕಾಲುದ್ದವೂ ಇಲ್ಲ. ಗಾಳಿಯಿಲ್ಲದೆಯೂ ಅದು ತೂಗುತ್ತದೆ ಎಂದು ಜನ ಪಿಸುಗುಟ್ಟುತ್ತಿದ್ದರು. ನಾನು ಕಣ್ಣಾರೆ ಕಂಡದ್ದು ಬೇರೆ: ಊರ ದನಗಳು ಬದುವಿನ ಮೇಲೆ ಸಾಲಾಗಿ ನಿಂತು, ನೆಲ ಮೂಸಿ, ಸಾವಿನ ಮನೆಯಲ್ಲಿ ಅಳುವಂತೆ ಕೂಗುತ್ತಿದ್ದವು. ಒಂದೂ ಒಳಗೆ ಕಾಲಿಡಲಿಲ್ಲ.

ರಜೆಯ ಕೊನೆಯ ದಿನ ಅಜ್ಜಿ ನನ್ನ ಗಲ್ಲ ಹಿಡಿದಳು. "ಆ ಹೊಲದಾಗೆ ಏನೈತೆ ಮಗಾ? ನೀನು ಇಂಗ್ಲಿಷ್ ಇಸ್ಕೂಲಿನೋಳು, ಸುಳ್ಳೇಳಾಕಿಲ್ಲ."

ಹೇಳಿಬಿಟ್ಟೆ. ಅಜ್ಜಿ ನನ್ನ ಬಾಯಿಗಿಟ್ಟ ಬೆಲ್ಲದ ಚೂರು ಕರಗುವ ಮೊದಲೇ ಚಿಕ್ಕಪ್ಪನ ಟ್ರಂಕು ಜಗಲಿಗೆ ಬಂದಿತ್ತು.

ರಾಗಿಯೆಲ್ಲ ಕಾಳಯ್ಯನ ಕೇರಿಗೆ ಹೋಯಿತಂತೆ. ಅದರ ಹುಲ್ಲು ಬಸವನಿಗೆ. ಮುಂದಿನ ಬೇಸಿಗೆಯಲ್ಲಿ ಕೊಟ್ಟಿಗೆ ಸದ್ದಿಲ್ಲದೆ ಇತ್ತು. ಬಸವ ಮತ್ತೆ ಮೂಳೆ ಮುಟ್ಟಿರಲಿಲ್ಲ. ಹೇಳೋಣವೆಂದರೆ ಚಿಕ್ಕಪ್ಪ ಎಲ್ಲಿದ್ದಾರೋ ಯಾರಿಗೂ ಗೊತ್ತಿರಲಿಲ್ಲ.

ಇದನ್ನು ಬರೆಯುತ್ತಾ ಇವತ್ತಿನ ಮಾತ್ರೆ ಅಗಿದೆ. ಕಟಕ್. ಯಾಕೋ ಭಯವಾಗಲಿಲ್ಲ. ಹಸಿವು, ಅಷ್ಟೆ.

ಚಿಕ್ಕಪ್ಪನನ್ನು ಕೊನೆಗೆ ಕಂಡದ್ದು ನಾನು ಬಾಯಿಬಿಟ್ಟ ಮರುದಿನ ಬೆಳಗ್ಗೆ, ಸ್ಟೇಷನ್ನಿನಲ್ಲಿ. ದಟ್ಟ ಮಂಜು. ನಮ್ಮ ಮೈಸೂರು ಗಾಡಿಯ ಹಿಂದೆಯೇ ಮೂಳೆಯ ವ್ಯಾಗನ್ನುಗಳನ್ನು ಸೇರಿಸಿದ್ದರು. ಚಿಕ್ಕಪ್ಪ ಹಾಸನದ ಗಾಡಿಗೆ ಕಾಯುತ್ತಾ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಟ್ರಂಕಿನ ಮೇಲೆ ಕೂತಿದ್ದರು. "ಸಾರಿ ಚಿಕ್ಕಪ್ಪಾ!" ಎಂದು ಕಿಟಕಿಯಿಂದ ಕೂಗಿದೆ. ಎದ್ದು ಕೈಯೆತ್ತಿದರು. ನನ್ನ ಡಬ್ಬಿ ದಾಟಿದ ಮೇಲೂ ಆ ಕೈ ಇಳಿಯಲಿಲ್ಲ. ಕೊನೆಯ ವ್ಯಾಗನ್ನು ಹೋಗುವವರೆಗೂ ಹಾಗೇ ಇತ್ತು.