ಮೂಲೆ ಕತ್ತರಿಸಿದ ಶೀಟು

ಗುಜರಿ ಶೆಡ್ಡುಗಳ ಸಾಲಿನಲ್ಲಿ ಅವಳು ಎಲ್ಲರಿಗೂ ಗುಳಿಗೆಯಜ್ಜಿ. ಆರೋಗ್ಯ ಕೇಂದ್ರದಿಂದ ಕ್ಷಯದ ಮಾತ್ರೆ ತಂದು ಚಿಂದಿ ಆಯುವವರಿಗೆ ಕೊಡುವುದು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲು ಹೇಳಿಕೊಡುವುದು ಅವಳ ಕೆಲಸ. ಓದು ಅಷ್ಟಕ್ಕಷ್ಟೆ. ಅದಕ್ಕೇ ಕೊಡುವ ಪ್ರತಿ ಮಾತ್ರೆ ಶೀಟಿನ ಒಂದು ಮೂಲೆಯನ್ನು ಗುರುತಿಗೆಂದು ಕತ್ತರಿಯಿಂದ ಕತ್ತರಿಸುತ್ತಿದ್ದಳು. ತಿಂಗಳ ಕೊನೆಗೆ ಆ ಖಾಲಿ ಶೀಟುಗಳು ಕೈಗೆ ಬಂದರೇ ಅವಳಿಗೆ ಸಮಾಧಾನ. ಅವಳ ಗಂಡ ಎರಡೇ ತಿಂಗಳಿಗೆ "ಕೆಮ್ಮು ಹೋಯ್ತಲ್ಲೇ, ಇನ್ಯಾಕೆ?" ಎಂದು ಮಾತ್ರೆ ಬಿಟ್ಟವನು. ವರ್ಷ ತುಂಬುವ ಮೊದಲೇ ಸತ್ತು ಅವಳನ್ನೂ ಬಿಟ್ಟು ಹೋದ. ಆಮೇಲೆ ಅವಳು ಯಾರ ಬಾಯಿಮಾತನ್ನೂ ನಂಬಲಿಲ್ಲ.

ಶೆಡ್ಡೊಂದರಲ್ಲಿ ಬಾಟಲಿ ವಿಂಗಡಿಸುವ ಒಬ್ಬಳಿಗೆ ಅದು ಮಾತ್ರೆಯ ನಾಲ್ಕನೇ ತಿಂಗಳು. ಏರುತ್ತಿದ್ದ ತೂಕ ಆ ಸಲ ಇಳಿದಿತ್ತು. ಅವಳು ಮರಳಿಸಿದ ನಾಲ್ಕು ಶೀಟುಗಳನ್ನು ಅಜ್ಜಿ ಅವಳ ಗುಡಿಸಲಲ್ಲೇ ನಿಂತು ಒಂದೊಂದಾಗಿ ಬೆರಳಲ್ಲಿ ಸವರಿ ನೋಡಿದಳು. ಎರಡಕ್ಕೆ ನಾಲ್ಕೂ ಮೂಲೆ ನೆಟ್ಟಗಿದ್ದವು.

"ಇವೆರಡು ನಂದಲ್ಲ ಕಣೆ."

"ಶೀಟು ಶೀಟೇ ಅಲ್ವಾ ಅಜ್ಜಿ?"

"ರಾಶಿಯಿಂದ ಹೆಕ್ಕಿದ್ದು. ಹೆಕ್ಕೋದು ನಿನ್ನ ಕಸುಬು, ನೋಡೋದು ನಂದು. ನನ್ನ ಮಾತ್ರೆ ಎಲ್ಲಿ?"

ಗೋಣಿಚೀಲದ ಪರದೆಯ ಹಿಂದೆ ಯಾರೋ ಕೆಮ್ಮನ್ನು ನುಂಗಿಕೊಂಡರು. ಅಜ್ಜಿ ಪರದೆ ಸರಿಸಿದಳು. ಹೋಟೆಲಿನಲ್ಲಿ ತಟ್ಟೆ ತೊಳೆಯುವ, ಬಾಟಲಿಯವಳ ತಂಗಿ ಮೊಣಕಾಲಿಗೆ ಮುಖವೊತ್ತಿ ಕುಳಿತಿದ್ದಳು.

"ಅರ್ಧ ನಂಗೆ, ಅರ್ಧ ಅವಳಿಗೆ," ಎಂದಳು ಬಾಟಲಿಯವಳು. "ಒಂದೇ ತಟ್ಟೇಲಿ ಉಂಡು ಬೆಳೆದೋರು ನಾವು. ಅವಳ ಪಾಲಿನ ಶೀಟು ಹೋಟೆಲ್ ಒಲೆಗೆ ಹೋಯ್ತು. ಯಾರಾದ್ರೂ ನೋಡಿದ್ರೆ ಕೆಲಸ ಇರುತ್ತಾ?"

ಅಜ್ಜಿ ಅಲ್ಲೇ ನೆಲದ ಮೇಲೆ ಕುಳಿತಳು.

"ಅನ್ನ ಹಂಚ್ಕೋಬಹುದು, ಇದನ್ನ ಹಂಚ್ಕೊಂಡ್ರೆ ಇಬ್ರೂ ಹೋಗ್ತೀರ. ಅರೆಬರೆ ಮಾತ್ರೆಗೆ ರೋಗ ಸಾಯಲ್ಲ, ಮೊಂಡಾಗುತ್ತೆ. ಆಮೇಲೆ ಯಾವ ಮಾತ್ರೆಗೂ ಬಗ್ಗಲ್ಲ."

"ಕೇಂದ್ರದಲ್ಲಿ ಹೆಸರು ಬರೆಸಿದ್ರೆ ಹೋಟೆಲ್‌ನೋರಿಗೆ ಗೊತ್ತಾಗಲ್ವಾ?" ತಂಗಿ ತಲೆಯೆತ್ತದೆ ಕೇಳಿದಳು.

"ನನ್ನ ಬಾಯಿಂದ ಗೊತ್ತಾಗಲ್ಲ. ತಟ್ಟೆಯಿಂದ ಅಂಟೋ ರೋಗ ಅಲ್ಲ ಇದು, ಕೆಮ್ಮಿಂದ. ಆದ್ರೂ ಶುರುವಿಗೆ ಒಂದಷ್ಟು ವಾರ ಮನೇಲಿರಬೇಕು. ಕೆಲಸ ಉಳಿಯುತ್ತೆ ಅಂತ ಸುಳ್ಳು ಹೇಳಲ್ಲ ಮಗಳೇ. ಕೇಂದ್ರಕ್ಕೆ ಜೊತೇಲಿ ಬರ್ತೀನಿ, ಅಷ್ಟೇ ನನ್ನ ಕೈಲಾಗೋದು."

ತಂಗಿ ಎದ್ದು ಚಪ್ಪಲಿ ಹುಡುಕಿದಳು.

ಪರೀಕ್ಷೆಯಲ್ಲಿ ಅವಳಿಗೂ ಕ್ಷಯವೆಂದು ಖಚಿತವಾಯಿತು. ವಾರದೊಳಗೆ ಹೋಟೆಲಿನವರು ತಟ್ಟೆ ತೊಳೆಯಲು ಬೇರೊಬ್ಬಳನ್ನು ಇಟ್ಟುಕೊಂಡರು. ಅಕ್ಕನ ಕಫವನ್ನು ಮತ್ತೆ ಪರೀಕ್ಷೆಗೆ ಕಳಿಸಿದ್ದರು. ರೋಗ ಮೊಂಡಾಗಿದೆಯೋ ಇಲ್ಲವೋ, ಉತ್ತರ ಇನ್ನೂ ಬಂದಿರಲಿಲ್ಲ.

ತಂಗಿಯ ಮಾತ್ರೆ ಕೈಗೆ ಬಂದ ದಿನ ಬೆಳಿಗ್ಗೆ ಅಜ್ಜಿ ಇಬ್ಬರ ಶೀಟುಗಳನ್ನೂ ಮಡಿಲಲ್ಲಿಟ್ಟುಕೊಂಡು ಕತ್ತರಿ ತೆಗೆದಳು. ಅಕ್ಕನದಕ್ಕೆ ಒಂದು ಮೂಲೆ, ತಂಗಿಯದಕ್ಕೆ ಎರಡು.

"ಈಗ ಹಂಚ್ಕೊಳ್ಳಿ ನೋಡೋಣ," ಎಂದಳು.

ಇಬ್ಬರೂ ಮಾತ್ರೆ ನುಂಗಿ, ನೀರು ಕುಡಿದು, ಅವಳೆದುರು ಬಾಯಿ ತೆರೆದರು.