ಎತ್ತಿದ ಕೈಗಳು

ಆ ಭಾನುವಾರ ಬೆಳಗ್ಗೆ ಎಂದಿನಂತೆ ಹಾಲು ಕಾಯಿಸಿ, ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದೆ. ಮರಳೂರಿನಿಂದ ಎಲ್ಲರೂ ದೇವರಾಯನದುರ್ಗಕ್ಕೆ ಹೊರಟೆವು. ನಾದಿನಿಯ ಮಗಳು ಪೂರ್ವಿಗೆ ಹಗ್ಗವಿಲ್ಲದೆ ಬಂಡೆ ಹತ್ತುವ ಸ್ಪರ್ಧೆಗಳೇ ವೃತ್ತಿ. ಅಲ್ಲಿ ಅವಳು ಅಭ್ಯಾಸ ಮಾಡಬೇಕಿತ್ತು.

ಬಂಡೆಯ ಬುಡದಲ್ಲಿ ದಪ್ಪ ಮ್ಯಾಟ್ ಹಾಸಿ, ಬೆರಳಿಗೆ ಬಿಳಿ ಪುಡಿ ತಿಕ್ಕಿಕೊಳ್ಳುತ್ತ ಅವಳು ನಮ್ಮವರಿಗೆ ಹೇಳಿದಳು: "ಮಾವ, ಫೋನ್ ಜೇಬಿಗೆ ಹಾಕಿ. ಕೈ ಎತ್ಕೊಂಡ್ ನಿಂತ್ಕೊಳ್ಳಿ. ಬಿದ್ರೆ ಬೆನ್ನಿಗೆ ಕೈ ಕೊಟ್ಟು ಮ್ಯಾಟ್ ಮೇಲೇ ಬೀಳೋ ಹಂಗೆ ಮಾಡ್ಬೇಕು."

ಊಟಕ್ಕೆ ಕರೆದರೂ ಫೋನಿನಿಂದ ತಲೆ ಎತ್ತದವರು ಎರಡೂ ಕೈ ಮೇಲೆತ್ತಿ, ರೆಪ್ಪೆ ಬಡಿಯದೆ ನಿಂತರು. ಅವಳು ಮೇಲೆ ಒಂದು ಗೇಣು ಸರಿದರೆ ಇವರು ಕೆಳಗೆ ಅದೇ ದಿಕ್ಕಿಗೆ ಸರಿಯುತ್ತಿದ್ದರು. ಪಕ್ಕದಲ್ಲಿ ನನ್ನ ಮಗಳೂ ಕೈ ಎತ್ತಿದ್ದಳು. ಪೂರ್ವಿಯ ಪದಕಗಳನ್ನು ಕಂಡು ಎಂದೂ ಉರಿಯದ ನನ್ನ ಹೊಟ್ಟೆ ಆ ಎತ್ತಿದ ಕೈಗಳನ್ನು ಕಂಡು ಉರಿಯಿತು. ಇಷ್ಟು ವರ್ಷದ ಸಂಸಾರದಲ್ಲಿ ನನ್ನನ್ನು ಯಾರೂ ಹಾಗೆ ನೋಡುತ್ತ ನಿಂತದ್ದಿಲ್ಲ.

ಸಂಜೆ ಪಕ್ಕದ ಮನೆಯ ಜಯಮ್ಮ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ, ಕಾಂಪೌಂಡ್ ಈಚೆಯಿಂದ ನಗುನಗುತ್ತಲೇ ಇದನ್ನು ಹೇಳಿದೆ.

"ಬೀಳೋರನ್ನ ತಾನೇ ಹಿಡ್ಕೊಳ್ಳೋದು? ನೀವ್ ಯಾವತ್ ಬಿದ್ದಿದೀರಾ, ಬುಡಿ," ಅಂದು ಅವರು ಬಟ್ಟೆ ಹೊತ್ತು ಒಳಗೆ ಹೋದರು.